ಎಡ್ಜ್ ಕೀಳಬೇಡಿ, ಸುಮ್ನೆ ಕೆಲಸ ಬಿಡಿಸಿ

ಔಟ್‌ಲುಕ್ ತೆರೆಯುತ್ತಿಲ್ಲ, ಟೀಮ್ಸ್ ಬಿಳಿ ಪರದೆ ತೋರಿಸಿ ನಿಂತುಬಿಡುತ್ತದೆ, ಟಾಸ್ಕ್‌ಬಾರಿನ ಹವಾಮಾನ-ಸುದ್ದಿಯ ವಿಜೆಟ್ ಒತ್ತಿದರೆ ಖಾಲಿ ಚೌಕ. ಇಂಥ ಕಂಪ್ಯೂಟರ್ ಕೈಗೆ ಬಂದಾಗ ನಾನು ಮೊದಲು ಕೇಳುವುದು ಒಂದೇ ಮಾತು: ‘ಎಡ್ಜ್ ತೆಗೆಯೋಕೆ ಏನಾದ್ರೂ ಮಾಡಿದ್ರಾ?’ ಬಹಳ ಸಲ ಬರುವ ಉತ್ತರ, ‘ಹೌದು, ವಿಡಿಯೊ ನೋಡಿ ಒಂದು ಫೈಲ್ ರನ್ ಮಾಡಿದ್ದೆ.’

ಕ್ರೋಮ್ ಅಥವಾ ಫೈರ್‌ಫಾಕ್ಸ್ ಬಳಸುವವರಿಗೆ ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟ್ ಬ್ರೌಸರ್ ಎಡ್ಜ್ ಕಿರಿಕಿರಿ, ನಿಜ. ಕರೆಯದಿದ್ದರೂ ತೆರೆದುಕೊಳ್ಳುತ್ತದೆ. ‘ನನ್ನನ್ನೇ ಬಳಸಿ’ ಎಂದು ಪೀಡಿಸುತ್ತದೆ. ತೆಗೆದುಹಾಕೋಣ ಎಂದರೆ ಅನ್‌ಇನ್‌ಸ್ಟಾಲ್ ಬಟನ್ ಒತ್ತಲು ಬರುವುದಿಲ್ಲ. ಐರೋಪ್ಯ ಒಕ್ಕೂಟದ ಡಿಜಿಟಲ್ ಮಾರ್ಕೆಟ್ಸ್ ಕಾಯ್ದೆಯಿಂದಾಗಿ ಅಲ್ಲಿನ ದೇಶಗಳಲ್ಲಿ 2024ರಿಂದ ಆ ಬಟನ್ ಕೆಲಸ ಮಾಡುತ್ತದೆ. ನಮಗೆ ಆ ಭಾಗ್ಯವಿಲ್ಲ. ಜರ್ಮನಿಯಲ್ಲಿರುವ ಮಗ ‘ನಾನು ತೆಗೆದೆ ಅಪ್ಪಾ, ನೀವೂ ತೆಗೀರಿ’ ಎಂದರೆ ಅವನು ಹೇಳಿದ್ದು ಸುಳ್ಳಲ್ಲ. ಮೈಸೂರಿನ ಮನೆಯ ಕಂಪ್ಯೂಟರಿನಲ್ಲಿ ಅದು ನಡೆಯುವುದಿಲ್ಲ, ಅಷ್ಟೇ.

ಹಾಗಾದರೆ ಏನು ಮಾಡುವುದು? ಕೀಳಲು ಹೋಗಬೇಡಿ. ಅದು ಮಾಡುತ್ತಿರುವ ಕೆಲಸಗಳನ್ನು ಒಂದೊಂದಾಗಿ ಬೇರೆಯವರಿಗೆ ವಹಿಸಿ. ನಿಮಗೆ ಗೊತ್ತಿಲ್ಲದೆ ಓಡದಂತೆ ನಿಲ್ಲಿಸಿ. ಅಪ್‌ಡೇಟ್ ಮಾತ್ರ ಅದರ ಪಾಡಿಗೆ ಬಿಡಿ. ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕಥೆ ಬೇರೆ. ಅದಕ್ಕೆ ಆಮೇಲೆ ಬರೋಣ.

ಒಳಗಿರುವುದನ್ನು ಮೊದಲು ಹೊರಗೆ ತನ್ನಿ

‘ನಾನು ಎಡ್ಜ್ ಮುಟ್ಟೋದೇ ಇಲ್ಲ’ ಎನ್ನುವವರ ಎಡ್ಜ್‌ನಲ್ಲೂ ಒಂದಷ್ಟು ಪಾಸ್‌ವರ್ಡ್ ಕೂತಿರುತ್ತವೆ. ಯಾವತ್ತೋ ಆತುರದಲ್ಲಿ ಕರೆಂಟ್ ಬಿಲ್ ಕಟ್ಟಿದಾಗ ಸೇವ್ ಆದದ್ದು, ಮನೆಯವರು ಯಾರೋ ಲಾಗಿನ್ ಆಗಿದ್ದು. ನಿಮ್ಮ ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ ‘ಇಂಪೋರ್ಟ್’ ಎಂದು ಹುಡುಕಿ, ಎಡ್ಜ್ ಆಯ್ದುಕೊಳ್ಳಿ, ಬುಕ್‌ಮಾರ್ಕ್‌ಗಳು ಬಂದುಬಿಡುತ್ತವೆ. ಪಾಸ್‌ವರ್ಡ್ ಹಾಗೆ ಬರದಿದ್ದರೆ ಎಡ್ಜ್‌ನಿಂದ ಸಿಎಸ್‌ವಿ ಫೈಲಾಗಿ ಎಕ್ಸ್‌ಪೋರ್ಟ್ ಮಾಡಬೇಕು. ಆ ಫೈಲ್‌ನಲ್ಲಿ ನಿಮ್ಮ ಎಲ್ಲ ಪಾಸ್‌ವರ್ಡ್‌ಗಳೂ ಯಾರು ಬೇಕಾದರೂ ಓದುವಂತೆ ಬರಿಗಣ್ಣಿಗೆ ಕಾಣುತ್ತವೆ. ಇಂಪೋರ್ಟ್ ಮುಗಿದ ಕೂಡಲೇ ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ. ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಹಾಗೇ ಬಿಟ್ಟವರು ಒಬ್ಬಿಬ್ಬರಲ್ಲ.

ಡಿಫಾಲ್ಟ್ ಬದಲಿಸುವುದು: ಎಲ್ಲರೂ ಎಡವುವ ಜಾಗ

‘ಕ್ರೋಮ್ ಡಿಫಾಲ್ಟ್ ಮಾಡಿದೀನಿ, ಆದ್ರೂ ಎಡ್ಜ್ ತೆರೆಯುತ್ತೆ.’ ಈ ದೂರು ನೂರಕ್ಕೆ ನೂರು ನಿಜ. ಡಿಫಾಲ್ಟ್ ಎಂದರೆ ಲಿಂಕ್ ಅಥವಾ ಫೈಲ್ ಒತ್ತಿದಾಗ ವಿಂಡೋಸ್ ತಾನಾಗಿ ತೆರೆಯುವ ಸಾಫ್ಟ್‌ವೇರ್. ತಪ್ಪು ಎಲ್ಲಿದೆ ಎಂದರೆ, ಅರ್ಧ ಕೆಲಸ ಮಾಡಿ ಬಿಟ್ಟಿರುತ್ತಾರೆ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಆ್ಯಪ್ಸ್, ಡಿಫಾಲ್ಟ್ ಆ್ಯಪ್ಸ್ ಎಂದು ಹೋಗಿ. ಪಟ್ಟಿಯಲ್ಲಿ ನಿಮ್ಮ ಬ್ರೌಸರ್ ಒತ್ತಿದರೆ ಮೇಲೆ ‘ಸೆಟ್ ಡಿಫಾಲ್ಟ್’ ಎಂಬ ಬಟನ್ ಕಾಣುತ್ತದೆ. ವಿಂಡೋಸ್ 11 ಹೊಸದರಲ್ಲಿ ಈ ಬಟನ್ನೇ ಇರಲಿಲ್ಲ. ಜನ ಬೈದ ಮೇಲೆ 2022ರಲ್ಲಿ ಬಂತು. ಇದನ್ನು ಒತ್ತಿದರೆ ವೆಬ್ ಲಿಂಕ್‌ಗಳು ಮತ್ತು ಎಚ್‌ಟಿಎಂಎಲ್ ಫೈಲ್‌ಗಳು ನಿಮ್ಮ ಬ್ರೌಸರ್‌ಗೆ ಬರುತ್ತವೆ. ಇಲ್ಲಿಗೇ ಎಲ್ಲರೂ ಕೈ ತೊಳೆದುಕೊಳ್ಳುತ್ತಾರೆ. ಪಿಡಿಎಫ್ ಮಾತ್ರ ಎಡ್ಜ್ ಬಳಿಯೇ ಉಳಿದಿರುತ್ತದೆ. ದಿನಕ್ಕೆ ಹತ್ತು ಪಿಡಿಎಫ್ ತೆರೆಯುವ ಸೈಬರ್ ಸೆಂಟರಿನಲ್ಲಿ ದಿನಕ್ಕೆ ಹತ್ತು ಸಲ ಎಡ್ಜ್ ಮುಖ ತೋರಿಸದೆ ಇನ್ನೇನು ಮಾಡೀತು?

ಅದಕ್ಕೇ ಅದೇ ಪುಟದಲ್ಲಿ ವಾಪಸ್ ಬಂದು, ಈ ಸಲ ನಿಮ್ಮ ಬ್ರೌಸರ್ ಬದಲು ಎಡ್ಜ್ ಹೆಸರನ್ನೇ ಒತ್ತಿ. ಅದರ ಕೈಯಲ್ಲಿ ಇನ್ನೂ ಏನೇನು ಉಳಿದಿದೆ ಎಂಬ ಪಟ್ಟಿ ತೆರೆದುಕೊಳ್ಳುತ್ತದೆ. ಪಿಡಿಎಫ್ ಮೊದಲು ಬದಲಿಸಿ. ಆಮೇಲೆ ಎಸ್‌ವಿಜಿ, ಎಂಎಚ್‌ಟಿ, ಎಕ್ಸ್‌ಎಚ್‌ಟಿಎಂಎಲ್‌ನಂಥ ಬೇರೆ ಫೈಲ್ ಬಗೆಗಳು ಕಂಡರೆ ಅವನ್ನೂ ಒಂದೊಂದಾಗಿ ಒತ್ತಿ ಬದಲಿಸಿ. ‘ಬದಲಿಸುವ ಮುನ್ನ ಎಡ್ಜ್ ಒಮ್ಮೆ ನೋಡಿ’ ಎಂಬ ಪೆಟ್ಟಿಗೆ ಎದ್ದರೆ ‘ಸ್ವಿಚ್ ಎನಿವೇ’ ಒತ್ತಿ ಮುಂದೆ ಹೋಗಿ. ವಿಂಡೋಸ್ 10 ಇನ್ನೂ ಇರುವವರು ಡಿಫಾಲ್ಟ್ ಆ್ಯಪ್ಸ್ ಪುಟದ ಕೆಳಗೆ ಫೈಲ್ ಬಗೆಯ ಪ್ರಕಾರ ಆಯ್ಕೆ ಮಾಡುವ ಲಿಂಕ್ ಹಿಡಿದು ಇದೇ ಕೆಲಸ ಮಾಡಬಹುದು.

ಪಿಡಿಎಫ್ ಯಾರಿಗೆ ಕೊಡುವುದು? ಕ್ರೋಮ್‌ಗೇ ಕೊಡಬಹುದು, ಆದರೆ ನಾನು ಕೊಡುವುದಿಲ್ಲ. ಓದುವುದಕ್ಕೆ ಸುಮಾತ್ರ ಪಿಡಿಎಫ್ ಹಾಕಿಕೊಳ್ಳಿ. ಉಚಿತ, ಪುಟ್ಟದು, ಹಳೇ ಕಂಪ್ಯೂಟರಿನಲ್ಲೂ ಸರಕ್ಕನೆ ತೆರೆಯುತ್ತದೆ. ಇ-ಆಧಾರ್‌ನ ಡಿಜಿಟಲ್ ಸಹಿ ಪರೀಕ್ಷಿಸಬೇಕಾದವರು ಅಡೋಬಿಯ ರೀಡರ್ ಇಟ್ಟುಕೊಳ್ಳಿ. ‘ಆಲ್ ಇನ್ ಒನ್ ಪಿಡಿಎಫ್’ ಎಂದು ಜಾಹೀರಾತಿನಲ್ಲಿ ಕುಣಿಯುವ ಯಾವುದನ್ನೂ ಹತ್ತಿರ ಸೇರಿಸಬೇಡಿ. ಎಡ್ಜ್ ಕಾಟ ತಪ್ಪಿಸಿಕೊಂಡು ಅದಕ್ಕಿಂತ ದೊಡ್ಡ ಕಾಟ ತಂದುಕೊಂಡ ಹಾಗಾಗುತ್ತದೆ.

ಇಷ್ಟಾದರೂ ಆಫೀಸಿನವರಿಗೆ ಇನ್ನೊಂದು ಬಾಗಿಲು ತೆರೆದೇ ಇರುತ್ತದೆ. ಔಟ್‌ಲುಕ್ ತನ್ನ ಮೇಲ್‌ನಲ್ಲಿರುವ ಲಿಂಕ್‌ಗಳಿಗೆ ವಿಂಡೋಸ್‌ನ ಡಿಫಾಲ್ಟ್ ಕೇಳುವುದೇ ಇಲ್ಲ. ಅದಕ್ಕೆ ತನ್ನದೇ ಸೆಟ್ಟಿಂಗ್ ಇದೆ. ಹಳೇ ಔಟ್‌ಲುಕ್‌ನಲ್ಲಿ ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್ ಒಳಗೆ ‘ಲಿಂಕ್ ಹ್ಯಾಂಡ್ಲಿಂಗ್’ ಹುಡುಕಿ ‘ಡಿಫಾಲ್ಟ್ ಬ್ರೌಸರ್’ ಮಾಡಿ. ಟೀಮ್ಸ್‌ನಲ್ಲೂ ‘ಫೈಲ್ಸ್ ಆ್ಯಂಡ್ ಲಿಂಕ್ಸ್’ ಎಂಬಲ್ಲಿ ಇಂಥದ್ದೇ ಒಂದಿದೆ.

ಇನ್ನು ಟಾಸ್ಕ್‌ಬಾರಿನ ಸರ್ಚ್ ಮತ್ತು ವಿಜೆಟ್. ಅಲ್ಲಿಯ ಲಿಂಕ್‌ಗಳು ನೀವು ಯಾವ ಬ್ರೌಸರ್ ಡಿಫಾಲ್ಟ್ ಮಾಡಿದರೂ ಎಡ್ಜ್‌ನಲ್ಲೇ ತೆರೆಯುತ್ತವೆ. ಅದನ್ನು ತಪ್ಪಿಸಲು ಎಡ್ಜ್‌ಡಿಫ್ಲೆಕ್ಟರ್ ಎಂಬ ಚಿಕ್ಕ ಸಾಫ್ಟ್‌ವೇರ್ ಇತ್ತು. 2021ರ ಕೊನೆಗೆ ಮೈಕ್ರೋಸಾಫ್ಟ್ ಆ ದಾರಿಯನ್ನೂ ಮುಚ್ಚಿತು. ವಿಜೆಟ್ ಬೇಡವಾದರೆ ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ, ಮುಗಿಯಿತು. ಸರ್ಚ್‌ನಲ್ಲಿ ಫೈಲ್ ಮಾತ್ರ ಹುಡುಕುವ ಅಭ್ಯಾಸ ಮಾಡಿಕೊಳ್ಳಿ.

ದೊಡ್ಡ ಅಪ್‌ಡೇಟ್ ಆದ ಮೇಲೆ ಒಮ್ಮೊಮ್ಮೆ ಪರದೆ ತುಂಬ ‘ನಿಮ್ಮ ಸೆಟಪ್ ಮುಗಿಸೋಣ’ ಎಂದು ಬರುತ್ತದೆ. ಅಲ್ಲಿ ‘ಶಿಫಾರಸು ಮಾಡಿದ ಬ್ರೌಸರ್ ಸೆಟ್ಟಿಂಗ್ಸ್’ ಎಂದು ನೀಲಿ ಬಟನ್ ಕಂಡರೆ ಗಡಿಬಿಡಿಯಲ್ಲಿ ಒತ್ತಬೇಡಿ. ಇಷ್ಟು ಹೊತ್ತು ಮಾಡಿದ್ದೆಲ್ಲ ನೀರುಪಾಲಾಗಿ ಮತ್ತೆ ಎಡ್ಜ್ ಡಿಫಾಲ್ಟ್ ಆಗುತ್ತದೆ. ನೋಟಿಫಿಕೇಷನ್ಸ್ ಪುಟದ ತೀರಾ ಕೆಳಗೆ ಹೆಚ್ಚುವರಿ ಸೆಟ್ಟಿಂಗ್ಸ್ ಇವೆ. ಅಲ್ಲಿಯ ಟಿಕ್‌ಗಳನ್ನು ತೆಗೆದರೆ ಈ ಪರದೆಯ ಕಾಟ ತಪ್ಪುತ್ತದೆ.

ಗೊತ್ತಿಲ್ಲದೆ ಓಡುವುದನ್ನು ನಿಲ್ಲಿಸಿ

ಎಡ್ಜ್ ತೆರೆದು ಸೆಟ್ಟಿಂಗ್ಸ್‌ನಲ್ಲಿ ‘ಸಿಸ್ಟಂ ಆ್ಯಂಡ್ ಪರ್ಫಾರ್ಮೆನ್ಸ್’ಗೆ ಹೋಗಿ. ಕಂಪ್ಯೂಟರ್ ಶುರುವಾದಾಗಲೇ ಎಡ್ಜ್ ಅನ್ನು ಹಿನ್ನೆಲೆಯಲ್ಲಿ ಸಜ್ಜಾಗಿಡುವ ‘ಸ್ಟಾರ್ಟಪ್ ಬೂಸ್ಟ್’ ಆಫ್ ಮಾಡಿ. ಎಡ್ಜ್ ಮುಚ್ಚಿದ ಮೇಲೂ ಎಕ್ಸ್‌ಟೆನ್ಷನ್‌ಗಳು ಓಡಲಿ ಎಂಬುದನ್ನೂ ಆಫ್ ಮಾಡಿ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ ಎಡ್ಜ್ ಕಂಡರೆ ಡಿಸೇಬಲ್. ಟಾಸ್ಕ್‌ಬಾರಿನಿಂದ ಅನ್‌ಪಿನ್.

ಈ ಫೋಲ್ಡರ್ ಮುಟ್ಟಬೇಡಿ

ಈಗ ಆ ಬಿಳಿ ಪರದೆಯ ಟೀಮ್ಸ್ ವಿಷಯ. ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಎಡ್ಜ್ ವೆಬ್‌ವ್ಯೂ2’ ಎಂಬ ಹೆಸರು ಸಾಲಾಗಿ ಕಾಣುತ್ತದೆ. ‘ಅಯ್ಯೋ, ಇನ್ನೂ ಓಡ್ತಾ ಇದೆಯಲ್ಲ’ ಎಂದು ಜನ ಗಾಬರಿಯಾಗುತ್ತಾರೆ. ಅದು ಎಡ್ಜ್ ಬ್ರೌಸರ್ ಅಲ್ಲ. ಬೇರೆ ಸಾಫ್ಟ್‌ವೇರ್‌ಗಳು ತಮ್ಮೊಳಗೆ ವೆಬ್ ಪುಟ ತೋರಿಸಲು ಬಳಸುವ ಎಂಜಿನ್. ಹೊಸ ಔಟ್‌ಲುಕ್, ಹೊಸ ಟೀಮ್ಸ್, ವಿಜೆಟ್ ಎಲ್ಲಕ್ಕೂ ಅದು ಬೇಕು. ಪ್ರೋಗ್ರಾಂ ಫೈಲ್ಸ್ ಒಳಗಿನ ಮೈಕ್ರೋಸಾಫ್ಟ್ ಫೋಲ್ಡರಿನಲ್ಲಿ ಎಡ್ಜ್, ಎಡ್ಜ್‌ಕೋರ್, ಎಡ್ಜ್‌ಅಪ್‌ಡೇಟ್, ಎಡ್ಜ್‌ವೆಬ್‌ವ್ಯೂ ಪಕ್ಕಪಕ್ಕದಲ್ಲೇ ಇರುತ್ತವೆ. ‘ಎಡ್ಜ್ ರಿಮೂವರ್’ ಎಂದು ಹಂಚಾಗುವ ಬ್ಯಾಚ್ ಫೈಲ್‌ಗಳಲ್ಲಿ ಕೆಲವು ಒಂದನ್ನೂ ಬಿಡದೆ ನಾಲ್ಕನ್ನೂ ಅಳಿಸುತ್ತವೆ. ಒಂದು ಕಳೆ ಕೀಳಲು ಹೋಗಿ ಸೊಪ್ಪಿನ ಮಡಿಯನ್ನೇ ಅಗೆದ ಹಾಗೆ. ಹೀಗಾಗಿದ್ದರೆ ಮೈಕ್ರೋಸಾಫ್ಟ್ ಸೈಟಿನಿಂದ ವೆಬ್‌ವ್ಯೂ2 ರನ್‌ಟೈಮ್ ಇಳಿಸಿ ಮತ್ತೆ ಹಾಕಿ.

ಎಲ್ಲಕ್ಕಿಂತ ಕೆಟ್ಟ ಶಾರ್ಟ್‌ಕಟ್ ಇನ್ನೊಂದಿದೆ: ಸರ್ವಿಸಸ್ ಪಟ್ಟಿಗೆ ಹೋಗಿ ಎಡ್ಜ್ ಅಪ್‌ಡೇಟ್ ನಿಲ್ಲಿಸುವುದು. ನೀವು ತೆರೆಯದಿದ್ದರೂ ಎಡ್ಜ್ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ. ಅಪ್‌ಡೇಟ್ ನಿಂತರೆ ದಾಳಿಕೋರರು ನುಗ್ಗಬಹುದಾದ ಹಳೆಯ ತೂತುಗಳೂ ಅದರಲ್ಲೇ ಉಳಿಯುತ್ತವೆ. ವೆಬ್‌ವ್ಯೂ2 ಕೂಡ ಇದೇ ಅಪ್‌ಡೇಟರ್‌ನಿಂದ ಹೊಸದಾಗುತ್ತದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿಯಿತು. ಆದರೆ ಎಡ್ಜ್ ಮತ್ತು ವೆಬ್‌ವ್ಯೂ2ಗೆ ಅದರ ಕೊನೆಯ ಆವೃತ್ತಿಯಲ್ಲಿ ಕನಿಷ್ಠ 2028ರ ಅಕ್ಟೋಬರ್‌ವರೆಗೆ ಅಪ್‌ಡೇಟ್ ಕೊಡುತ್ತೇವೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಪುಕ್ಕಟೆ ಸಿಗುವುದನ್ನು ನಾವೇ ಯಾಕೆ ನಿಲ್ಲಿಸಬೇಕು? ಎಂದಾದರೂ ಕ್ರೋಮ್ ಕೆಟ್ಟು ತೆರೆಯದೇ ಹೋದರೆ, ಅದನ್ನು ಮತ್ತೆ ಇಳಿಸಿಕೊಳ್ಳಲು ಕೈಗೆ ಸಿಗುವುದೂ ಎಡ್ಜ್ ಒಂದೇ.

ಎಕ್ಸ್‌ಪ್ಲೋರರ್ ಮಾತ್ರ ಮುಚ್ಚಿ

ಇಂಟರ್ನೆಟ್ ಎಕ್ಸ್‌ಪ್ಲೋರರ್ 11ಕ್ಕೆ 2022ರ ಜೂನ್ 15ಕ್ಕೆ ಬೆಂಬಲ ನಿಂತಿತು. 2023ರ ಫೆಬ್ರುವರಿ 14ಕ್ಕೆ ಎಡ್ಜ್‌ನ ಅಪ್‌ಡೇಟೇ ವಿಂಡೋಸ್ 10ರಲ್ಲಿ ಅದನ್ನು ತೆರೆಯದಂತೆ ಮಾಡಿತು. ಸತ್ತಿತು ಎಂದುಕೊಂಡರೆ ಇಲ್ಲ. ಅದರ ಎಂಜಿನ್ ವಿಂಡೋಸ್ ಒಳಗೆ ಇನ್ನೂ ಇದೆ. 2024ರ ಜುಲೈನಲ್ಲಿ ಮೈಕ್ರೋಸಾಫ್ಟ್ ಒಂದು ತೂತು ಮುಚ್ಚಿತು. ನೋಡಲು ಪಿಡಿಎಫ್‌ನಂತಿದ್ದ ಶಾರ್ಟ್‌ಕಟ್ ಫೈಲ್ ಒತ್ತಿಸಿ, ಹಳೇ ಎಕ್ಸ್‌ಪ್ಲೋರರನ್ನೇ ಎಬ್ಬಿಸಿ ದಾಳಿ ಮಾಡುತ್ತಿದ್ದರು. ವಿಂಡೋಸ್ 11 ಕೂಡ ಇದರಿಂದ ಹೊರತಾಗಿರಲಿಲ್ಲ. ಆದ್ದರಿಂದ ವಿಂಡೋಸ್ ಅಪ್‌ಡೇಟ್ ತಪ್ಪಿಸಬೇಡಿ. ವಿಂಡೋಸ್ 10 ಇದ್ದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್’ ತೆರೆದು, ಇಂಟರ್ನೆಟ್ ಎಕ್ಸ್‌ಪ್ಲೋರರ್ 11ರ ಟಿಕ್ ತೆಗೆದು, ರೀಸ್ಟಾರ್ಟ್ ಮಾಡಿ.

ಟಿಕ್ ತೆಗೆಯುವ ಮುನ್ನ ಒಂದು ನೋಡಿಕೊಳ್ಳಿ. ಅಂಗಡಿಯ ಹಳೇ ಸಿಸಿಟಿವಿ ಡಿವಿಆರ್ ಅಥವಾ ಆಫೀಸಿನ ಹಳೇ ಪೋರ್ಟಲ್ ಎಕ್ಸ್‌ಪ್ಲೋರರ್ ಕಾಲದ ಆ್ಯಕ್ಟಿವ್‌ಎಕ್ಸ್ ಎಂಬ ಸೇರ್ಪಡೆ ಕೇಳುತ್ತದೆಯೇ? ಹಾಗಿದ್ದರೆ ಹಳೇ ಎಕ್ಸ್‌ಪ್ಲೋರರ್ ಎಂಜಿನ್‌ನಲ್ಲಿ ಪುಟ ತೆರೆಯುವ ಎಡ್ಜ್‌ನ ‘ಐಇ ಮೋಡ್’ ಬೇಕಾಗುತ್ತದೆ. ಟಿಕ್ ತೆಗೆದರೆ ಅದೂ ನಿಲ್ಲುತ್ತದೆ. 2025ರಲ್ಲಿ ಜನರನ್ನು ನಂಬಿಸಿ ಪುಟವನ್ನು ಐಇ ಮೋಡ್‌ನಲ್ಲಿ ತೆರೆಸಿ ದಾಳಿ ಮಾಡಿದ್ದು ಗೊತ್ತಾದ ಮೇಲೆ, ಸುಲಭವಾಗಿ ಆ ಮೋಡ್‌ಗೆ ಹೋಗುವ ಬಟನ್‌ಗಳನ್ನು ಮೈಕ್ರೋಸಾಫ್ಟ್ ತೆಗೆದುಹಾಕಿತು. ಈಗ ಎಡ್ಜ್ ಸೆಟ್ಟಿಂಗ್ಸ್‌ನ ‘ಡಿಫಾಲ್ಟ್ ಬ್ರೌಸರ್’ ಪುಟದಲ್ಲಿ ಅನುಮತಿ ಕೊಟ್ಟು, ಆ ಒಂದು ವಿಳಾಸವನ್ನು ಮಾತ್ರ ಪಟ್ಟಿಗೆ ಸೇರಿಸಿ. 30 ದಿನ ಕಳೆದ ಮೇಲೆ ಅದರ ಅವಧಿ ಮುಗಿಯುತ್ತದೆ. ‘ನಿನ್ನೆವರೆಗೂ ಕ್ಯಾಮೆರಾ ಬರ್ತಿತ್ತು’ ಎಂದು ಕೇಬಲ್ ಎಳೆದಾಡುವ ಮೊದಲು ಆ ಪಟ್ಟಿ ನೋಡಿ, ಮತ್ತೆ ಸೇರಿಸಿ. ಡಿವಿಆರ್ ಕಂಪನಿಯದ್ದೇ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಇದ್ದರೆ ಅದನ್ನು ಹಾಕಿಕೊಂಡು ಟಿಕ್ ತೆಗೆದುಬಿಡಿ.