ಕಿತ್ತು ಎಳೆದರೆ ರಿಬ್ಬನ್ ಹಾಗೆ ಬಂದ ಸೀಲೆಂಟ್

ಜೂನ್ ಎರಡನೇ ವಾರ. ಉಡುಪಿ ಕಡೆಯ ಒಂದು ನಾಲ್ಕು ಮಹಡಿಯ ವಸತಿ ಕಟ್ಟಡ. ಎರಡು ಬ್ಲಾಕ್‌ಗಳ ನಡುವೆ ಮೇಲಿಂದ ಕೆಳಗಿನವರೆಗೆ ಒಂದು ಎಕ್ಸ್‌ಪಾನ್ಶನ್ ಜಾಯಿಂಟ್ ಇದೆ, ಅಂದರೆ ಕಟ್ಟಡ ಹಿಗ್ಗಿ ಕುಗ್ಗಲಿ ಅಂತ ಬಿಟ್ಟ ಸಂದಿ. ಅದರ ಪಕ್ಕದ ಕಾರಿಡಾರ್ ಗೋಡೆ ಪೂರ್ತಿ ಒದ್ದೆಯಾಗಿತ್ತು. ಸಂದಿಗೆ ಸೀಲೆಂಟ್ (ನೀರು ತಡೆಯುವ ರಬ್ಬರಿನಂಥ ಅಂಟು) ತುಂಬಿ ಎರಡು ವರ್ಷವೂ ಆಗಿರಲಿಲ್ಲ. ಹೊರಗಿನಿಂದ ನೋಡಿದರೆ ಏನೂ ತೊಂದರೆ ಕಾಣುತ್ತಿರಲಿಲ್ಲ. ಬೂದು ಬಣ್ಣದ ಗೆರೆ ನೇರವಾಗಿ, ನುಣ್ಣಗೆ ಇತ್ತು. ಮಳೆ ಸ್ವಲ್ಪ ಬಿಟ್ಟ ಹೊತ್ತಲ್ಲಿ ಏಣಿ ಹತ್ತಿದೆ. ಚಾಕುವಿನ ತುದಿಯಿಂದ ಅಂಚು ಎಬ್ಬಿಸಿ, ಎರಡು ಬೆರಳಲ್ಲಿ ಹಿಡಿದು ಎಳೆದೆ. ಜಡೆಯ ರಿಬ್ಬನ್ ಬಿಚ್ಚಿದ ಹಾಗೆ ಒಂದು ಮೀಟರ್ ಉದ್ದಕ್ಕೆ ಹಾಗೇ ಬಂತು.

ಕೆಳಗೆ ಏಣಿ ಹಿಡಿದಿದ್ದ ಮೇಸ್ತ್ರಿ ಬಾಗಲಕೋಟೆ ಕಡೆಯವರು. ಅದನ್ನು ಕೈಗೆ ತಗೊಂಡು ತಿರುಗಿಸಿ ನೋಡಿ, "ಸರ್, ಇದು ಗ್ವಾಡಿಗೆ ಹಿಡಿದೇ ಇಲ್ಲ ನೋಡ್ರಿ" ಅಂದರು. ಹೌದು, ಹಿಡಿದಿರಲಿಲ್ಲ. ಒಂದು ಅಂಚಿನ ಉದ್ದಕ್ಕೂ ಬಿಳಿ ಸಿಮೆಂಟ್ ಪುಡಿ ಅಂಟಿಕೊಂಡಿತ್ತು. ಸೀಲೆಂಟ್ ಹಿಡಿದದ್ದು ಗೋಡೆಯನ್ನಲ್ಲ, ಗೋಡೆ ಮೇಲಿದ್ದ ಧೂಳನ್ನು. ಇನ್ನೂ ಕೆಳಗೆ, ಎರಡನೇ ಮಹಡಿ ಹತ್ತಿರ, ಬೇರೆಯೇ ಕತೆ. ಅಲ್ಲಿ ಎರಡೂ ಬದಿ ಗಟ್ಟಿಯಾಗಿ ಅಂಟಿತ್ತು, ಜೊತೆಗೆ ಹಿಂಬದಿಯೂ ಸಂದಿಯೊಳಗೆ ಬಿದ್ದಿದ್ದ ಗಾರೆಗೆ ಅಂಟಿತ್ತು. ನಡುವೆ ಉದ್ದಕ್ಕೂ ಸೀಳಿತ್ತು. ಒಂದೇ ಸಂದಿಯಲ್ಲಿ ಎರಡು ತರದ ಸೋಲು.

ಆ ಕೆಲಸ ನನ್ನ ಉಸ್ತುವಾರಿಯದ್ದೇ. ಯಾವ ಸೀಲೆಂಟ್ ತರಬೇಕು ಅಂತ ಬರೆದುಕೊಟ್ಟದ್ದು ನಾನು. ಒಳ್ಳೆ ಪಾಲಿಯುರೆಥೇನ್ ಮಾಲೇ ಬಂದಿತ್ತು. ಆದರೆ ತುಂಬುವ ಎರಡು ದಿನ ನಾನು ಬೇರೆ ಸೈಟಿನಲ್ಲಿದ್ದೆ. ಟ್ಯೂಬ್ ಚೆನ್ನಾಗಿದ್ದರೆ ಕೆಲಸ ಚೆನ್ನಾಗೇ ಆಗುತ್ತದೆ ಅಂತ ನಾನು ನಂಬಿದ್ದೆ. ಆ ನಂಬಿಕೆಯೇ ತಪ್ಪು ಅಂತ ಆ ರಿಬ್ಬನ್ ನೋಡಿದ ಮೇಲೆ ಅರ್ಥವಾಯಿತು.

ಮಳೆ ಮುಗಿಯುವವರೆಗೆ ಏನೂ ಮಾಡುವ ಹಾಗಿರಲಿಲ್ಲ. ಆ ನಾಲ್ಕು ತಿಂಗಳಲ್ಲಿ ಲೆಕ್ಕ ಹಾಕಿದೆ. ಕಟ್ಟಡದ ಒಟ್ಟು ಉದ್ದ 62 ಮೀಟರ್. ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನಕವಾದ ಐಎಸ್ 456 ಪ್ರಕಾರ ಸಾಮಾನ್ಯವಾಗಿ 45 ಮೀಟರ್ ದಾಟಿದ ಕಟ್ಟಡಕ್ಕೆ ಎಕ್ಸ್‌ಪಾನ್ಶನ್ ಜಾಯಿಂಟ್ ಕೊಡಬೇಕು. ಅದಕ್ಕೇ ಡಿಸೈನರ್ ನಡುವೆ 25 ಮಿ.ಮೀ. ಸಂದಿ ಕೊಟ್ಟಿದ್ದರು. ಕಾಂಕ್ರೀಟ್ ಒಂದು ಡಿಗ್ರಿ ಬಿಸಿಯಾದರೆ ಒಂದು ಮೀಟರಿಗೆ ಸುಮಾರು 0.01 ಮಿ.ಮೀ. ಹಿಗ್ಗುತ್ತದೆ. ಒಂದೊಂದು ಬ್ಲಾಕ್ 31 ಮೀಟರ್. ಪ್ರತಿ ಬ್ಲಾಕ್ ತನ್ನ ನಡುವಿನಿಂದ ಎರಡೂ ಕಡೆಗೆ ಹಿಗ್ಗುತ್ತದೆ ಅಂತ ಇಟ್ಟುಕೊಂಡರೆ, ಸಂದಿಯ ಪಾಲಿಗೆ ಬರುವುದು 31 ಮೀಟರಿನ ಹಿಗ್ಗು. ನಮ್ಮ ಕರಾವಳಿಯಲ್ಲಿ ಹವೆ ಅಷ್ಟೇನೂ ಏರಿಳಿಯುವುದಿಲ್ಲ. ಆದರೆ ಬಿಸಿಲಿಗೆ ಬಿದ್ದ ತಾರಸಿ ಸ್ಲ್ಯಾಬ್ ಗಾಳಿಗಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ಬರಿಗಾಲಲ್ಲಿ ಏಪ್ರಿಲ್ ಮಧ್ಯಾಹ್ನ ತಾರಸಿ ಮೇಲೆ ನಿಂತವರಿಗೆ ಅದು ಗೊತ್ತು. ಹಾಗಾಗಿ ಮೇಲಿನ ಸ್ಲ್ಯಾಬಿಗೆ 25 ಡಿಗ್ರಿ ವ್ಯತ್ಯಾಸ ಹಿಡಿದೆ. 31 × 25 × 0.01, ಅಂದರೆ ಹತ್ತಿರ ಹತ್ತಿರ 8 ಮಿ.ಮೀ. ಮೇಲಿನ ಮಟ್ಟದಲ್ಲಿ ಆ ಸಂದಿ ವರ್ಷದಲ್ಲಿ ಅಷ್ಟು ಆಚೀಚೆ ಆಗುತ್ತದೆ.

ನಾವು ತಂದಿದ್ದು 25 ದರ್ಜೆಯ ಸೀಲೆಂಟ್. ಅಂದರೆ ತುಂಬಿದ ಅಗಲದ ಶೇ. 25ರಷ್ಟು ಹಿಗ್ಗಬಲ್ಲದು, ಅಷ್ಟೇ ಕುಗ್ಗಬಲ್ಲದು. 25 ಮಿ.ಮೀ. ಸಂದಿಗೆ ಅದು ಆಚೆ 6, ಈಚೆ 6. ಹವೆ ಮಧ್ಯಮವಾಗಿದ್ದಾಗ ತುಂಬಿದ್ದರೆ ಆಚೆ 4, ಈಚೆ 4 ಬೇಕು, ಆರಾಮಾಗಿ ಸಾಕು. ಆದರೆ ನಿಜವಾದ ಸಂದಿ 25 ಮಿ.ಮೀ. ಇತ್ತಾ? ಸೆಪ್ಟೆಂಬರಿನಲ್ಲಿ ಸ್ಕೇಲ್ ಹಿಡಿದು ಒಂದೊಂದು ಅಡಿಗೂ ಅಳೆದೆ. ಸಾರಣೆ ಮಾಡುವಾಗ ಗಾರೆ ಸಂದಿಯೊಳಗೆ ನುಗ್ಗಿ ಕೆಲವು ಕಡೆ 12 ಮಿ.ಮೀ.ಗೆ ಇಳಿದಿತ್ತು. 12ರ ಶೇ. 25 ಅಂದರೆ ಬರೀ 3. ಅಲ್ಲಿ ಆ ದರ್ಜೆಯ ಎಂಥ ದುಬಾರಿ ಸೀಲೆಂಟ್ ಹಾಕಿದ್ದರೂ ಹರಿಯುತ್ತಿತ್ತು. ಅಳೆದ ಜಾಗಕ್ಕೂ ಸೀಳಿದ ಜಾಗಕ್ಕೂ ತಾಳೆ ನೋಡಿದೆ. ಬಹುತೇಕ ಎಲ್ಲಾ ಕಡೆ ಕೂಡಿ ಬಂತು.

ಡಿಸೆಂಬರ್ ಬಂತು. ಹಳೆಯದನ್ನೆಲ್ಲ ಕಿತ್ತೆವು. ಗ್ರೈಂಡರ್ ಹಿಡಿದು ಎರಡೂ ಬದಿಯ ಗಾರೆ ಸವರಿ, ಸಂದಿಯನ್ನು ಮತ್ತೆ 25ಕ್ಕೆ ತಂದೆವು. ಇದಕ್ಕೇ ಐದು ದಿನ ಹಿಡಿಯಿತು. ಸೀಲೆಂಟ್ ತುಂಬಲು ಬೇಕಾಗಿದ್ದು ಎರಡೇ ದಿನ. ಕಾಂಕ್ರೀಟ್ ಮುಖದ ಮೇಲೆ ಶಟರಿಂಗ್ ಎಣ್ಣೆಯ (ಕಾಂಕ್ರೀಟ್ ಅಚ್ಚಿನ ಹಲಗೆಗೆ ಸವರುವ ಎಣ್ಣೆ) ಪದರ ಉಳಿದಿದ್ದರೂ ಸೀಲೆಂಟ್ ಹಿಡಿಯುವುದಿಲ್ಲ. ಅದೂ ಗ್ರೈಂಡರಿನಲ್ಲೇ ಹೋಗಬೇಕು. ಆಮೇಲೆ ವೈರ್ ಬ್ರಷ್, ಆಮೇಲೆ ಬ್ಲೋವರ್. ಬ್ಲೋವರ್ ಹೊಡೆದ ಮೇಲೆ ಕಪ್ಪು ಬಟ್ಟೆಯ ತುಂಡಿನಲ್ಲಿ ಒರೆಸಿ ನೋಡುತ್ತಿದ್ದೆ. ಬಿಳಿ ಕಂಡರೆ ಮತ್ತೊಮ್ಮೆ ಬ್ರಷ್. ಹುಡುಗರಿಗೆ ಮೊದಲ ದಿನ ಬೇಜಾರಾಯಿತು. ಮರುದಿನದಿಂದ ಅವರೇ ಬಟ್ಟೆ ತಂದು ತೋರಿಸುತ್ತಿದ್ದರು.

ಈ ಕೆಲಸವನ್ನು ನಾನು ಮೀಟರ್ ಲೆಕ್ಕದಲ್ಲಿ ಕೊಡಲಿಲ್ಲ, ದಿನಗೂಲಿಗೆ ಕೊಟ್ಟೆ. ಮೀಟರಿಗೆ ಇಷ್ಟು ಅಂತ ಮಾತಾಡಿದರೆ ಯಾರಿಗೆ ಧೂಳು ಒರೆಸುವ ತಾಳ್ಮೆ ಇರುತ್ತದೆ? ಅದು ಕೆಲಸಗಾರರ ತಪ್ಪಲ್ಲ, ದರ ಹಾಕುವ ನಮ್ಮ ತಪ್ಪು.

ಇನ್ನು ಬ್ಯಾಕರ್ ರಾಡ್. ಹಗ್ಗದ ಹಾಗಿರುವ ದುಂಡನೆಯ ಫೋಮ್. ಹೋದ ಸಲ ಅದನ್ನು ತರಿಸಿಯೇ ಇರಲಿಲ್ಲ, ಥರ್ಮೋಕೋಲ್ ಚೂರು ತುರುಕಿದ್ದರು. ಚೂರು ಇಲ್ಲದ ಕಡೆ ಸೀಲೆಂಟ್ ಹಿಂದಿನ ಗಾರೆಗೇ ಅಂಟಿತ್ತು. ರಾಡ್ ಇರುವುದು ಸುಮ್ನೆ ಜಾಗ ತುಂಬಲಿಕ್ಕಲ್ಲ. ಸೀಲೆಂಟ್ ಎರಡೇ ಬದಿಗೆ ಅಂಟಬೇಕು, ಹಿಂಬದಿಗೆ ಅಂಟಬಾರದು. ರಬ್ಬರ್ ಬ್ಯಾಂಡನ್ನು ಎರಡು ತುದಿಯಲ್ಲಿ ಹಿಡಿದರೆ ಹಿಗ್ಗುತ್ತದೆ. ಅದರ ನಡುವನ್ನೂ ಮೇಜಿಗೆ ಅಂಟಿಸಿಬಿಟ್ಟರೆ ಹಿಗ್ಗುವುದೆಲ್ಲಿಂದ? ರಾಡ್ ಸಂದಿಗಿಂತ ಸುಮಾರು ಕಾಲು ಭಾಗ ಹೆಚ್ಚು ದಪ್ಪ ಇರಬೇಕು, ಆಗಲೇ ಒತ್ತಿ ಕೂರುತ್ತದೆ. 25ರ ಸಂದಿಗೆ ನಾವು 30 ಮಿ.ಮೀ. ದಪ್ಪದ್ದು ತಂದೆವು. ರಾಡ್ ಕೂರುವಷ್ಟು ಆಳವೇ ಇಲ್ಲದ ಕಡೆ ತಳಕ್ಕೆ ಪಾಲಿಥೀನ್ ಟೇಪ್ ಅಂಟಿಸಿದರೆ ಅದೇ ಕೆಲಸ ಆಗುತ್ತದೆ.

ಆಳದ ವಿಷಯದಲ್ಲಿ ಮೇಸ್ತ್ರಿ ಒಂದು ಚಂದದ ಉಪಾಯ ಮಾಡಿದರು. ಒಂದು ಅಡಿ ಉದ್ದದ ಮರದ ರೀಪರ್ ತುಂಡು ತಗೊಂಡು, ತುದಿಯಿಂದ ಸರಿಯಾಗಿ 12 ಮಿ.ಮೀ. ಬಿಟ್ಟು ಅಡ್ಡಕ್ಕೆ ಇನ್ನೊಂದು ಪಟ್ಟಿ ಹೊಡೆದರು. ಅದರಿಂದ ರಾಡ್ ಒತ್ತುತ್ತಾ ಹೋದರೆ ಅಡ್ಡಪಟ್ಟಿ ಗೋಡೆಗೆ ತಾಗಿದಲ್ಲಿಗೆ ನಿಲ್ಲುತ್ತದೆ. ಮೇಲಿಂದ ಕೆಳಗಿನವರೆಗೆ ಒಂದೇ ಆಳ. ಅಗಲದ ಅರ್ಧ ಆಳ ಅನ್ನುವುದು ಇಂಥ ಸಂದಿಗೆ ರೂಢಿಯ ಲೆಕ್ಕ. ತುದಿಯನ್ನು ಉಜ್ಜುಕಾಗದದಲ್ಲಿ ಉಜ್ಜಿ ಮೊಂಡು ಮಾಡಿದ್ದರು. ಸ್ಕ್ರೂಡ್ರೈವರಿನಲ್ಲಿ ತಿವಿದರೆ ಫೋಮ್ ತೂತಾಗುತ್ತದೆ. ಬಿಸಿಲು ಏರಿದಾಗ ಅದರೊಳಗಿನ ಗಾಳಿ ಹೊರಬಂದು, ಹಸಿ ಸೀಲೆಂಟಿನಲ್ಲಿ ಗುಳ್ಳೆ ಏಳಿಸುತ್ತದೆ. ಬೇರೊಂದು ಸೈಟಿನಲ್ಲಿ ದೋಸೆ ತೂತಿನ ಹಾಗೆ ಎದ್ದ ಗುಳ್ಳೆಗಳನ್ನು ನಾನೇ ನೋಡಿದ್ದೇನೆ.

ಹೊತ್ತು ನೋಡಿ ಕೆಲಸ ಮಾಡಬೇಕಾಯಿತು. ಡಿಸೆಂಬರ್ ಬೆಳಿಗ್ಗೆ ನಮ್ಮಲ್ಲಿ ಮಂಜು ಬೀಳುತ್ತದೆ, ಗೋಡೆ ತಣ್ಣಗೆ ಪಸೆಯಾಗಿರುತ್ತದೆ. ಒದ್ದೆ ಮುಖಕ್ಕೆ ಪ್ರೈಮರ್ (ಸೀಲೆಂಟ್ ಹಿಡಿಯಲಿ ಅಂತ ಮೊದಲು ಹಚ್ಚುವ ದ್ರವ) ಹಚ್ಚಿದರೆ ವ್ಯರ್ಥ. ಮಧ್ಯಾಹ್ನ ಕಾಂಕ್ರೀಟ್ ಹಿಗ್ಗಿ ಸಂದಿ ಕಿರಿದಾಗಿರುತ್ತದೆ. ಆಗ ತುಂಬಿದರೆ ಆಮೇಲೆ ಸೀಲೆಂಟ್ ಬಹುಪಾಲು ಹೊತ್ತು ಎಳೆತದಲ್ಲೇ ಇರಬೇಕಾಗುತ್ತದೆ. ಹಾಗಾಗಿ ಒಂಬತ್ತಕ್ಕೆ ಪ್ರೈಮರ್, ಡಬ್ಬಿ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಸೀಲೆಂಟ್, ಹನ್ನೊಂದಕ್ಕೆ ನಿಲ್ಲಿಸುವುದು. ಉಳಿದ ಹೊತ್ತಲ್ಲಿ ಮರುದಿನದ ಭಾಗ ಒರೆಸುವುದು. ಎಷ್ಟು ಮಾಲು ಬೇಕು ಅನ್ನುವುದು ಸುಲಭದ ಲೆಕ್ಕ. ಅಗಲ 25, ಆಳ 12 ಅಂದರೆ 600 ಮಿ.ಲೀ. ಸಾಸೇಜಿನಲ್ಲಿ (ಗನ್ನಿಗೆ ಹಾಕುವ ಉದ್ದನೆಯ ಸೀಲೆಂಟ್ ಪ್ಯಾಕ್) ಎರಡೇ ಮೀಟರ್. ಮುಂದಿನ ಮುಖ, ಹಿಂದಿನ ಮುಖ ಸೇರಿ 26 ಮೀಟರ್ ಇತ್ತು, 15 ತರಿಸಿದೆ. ತಯಾರಾದ ತಿಂಗಳು ನೋಡದೆ ತಗೊಳ್ಳಬೇಡಿ. ಅವಧಿ ಮೀರಿದ ಮಾಲು ಗನ್ನಿನಿಂದ ಗಟ್ಟಿಯಾಗಿ ಬರುತ್ತದೆ, ಇಲ್ಲವೇ ಸರಿಯಾಗಿ ಒಣಗುವುದೇ ಇಲ್ಲ.

ತುಂಬಿದ ಮೇಲೆ ಬೆರಳನ್ನು ಸೋಪಿನ ನೀರಿಗೆ ಅದ್ದಿ ಸವರುವ ಅಭ್ಯಾಸ ಎಲ್ಲರಿಗೂ ಇದೆ. ನುಣುಪು ಬರುತ್ತದೆ, ನಿಜ. ಆದರೆ ಸೋಪಿನ ನೀರು ಅಂಚಿಗೆ ಇಳಿದರೆ ಅಂಟು ಕೆಡುತ್ತದೆ. ಒಣ ಸ್ಪ್ಯಾಚುಲಾದಿಂದಲೇ ಒತ್ತಿ ಸವರಿಸಿದೆ. ಒತ್ತಬೇಕು ಅನ್ನುವುದೇ ಮುಖ್ಯ. ಸವರುವುದು ಅಂದಕ್ಕಾಗಿ ಮಾತ್ರವಲ್ಲ, ಎರಡೂ ಬದಿಗೆ ಗಟ್ಟಿಯಾಗಿ ತಾಗಿಸುವುದಕ್ಕೆ. ಸೀಲೆಂಟಿನ ಮೇಲೆ ಚರ್ಮ ಕಟ್ಟುವ ಮುಂಚೆ, ಗೋಡೆ ಕೊಳೆಯಾಗದಿರಲಿ ಅಂತ ಅಂಚಿಗೆ ಅಂಟಿಸಿದ್ದ ಮಾಸ್ಕಿಂಗ್ ಟೇಪ್ ಎಬ್ಬಿಸಿದೆವು.

ಗೋಡೆಗೆ ಪಾಲಿಯುರೆಥೇನ್ ಆರಿಸಿದ್ದು ಅದರ ಮೇಲೆ ಪೇಂಟ್ ಹಿಡಿಯುತ್ತದೆ ಅಂತ. ಸಿಲಿಕಾನ್ ಬಿಸಿಲಿಗೆ ಇನ್ನೂ ಚೆನ್ನಾಗಿ ತಡೆಯುತ್ತದೆ, ಆದರೆ ಪೇಂಟ್ ಅದರ ಮೇಲೆ ನಿಲ್ಲುವುದಿಲ್ಲ. ತಾರಸಿ ಮಟ್ಟದಲ್ಲಿ ನಾನು ಸೀಲೆಂಟ್ ಒಂದನ್ನೇ ನಂಬಲಿಲ್ಲ. ವರ್ಷಕ್ಕೆ 4,000 ಮಿ.ಮೀ. ಹತ್ತಿರ ಮಳೆ ಸುರಿಯುವ ಊರಲ್ಲಿ ನಿಂತ ನೀರಿಗೆ ಒಂದು ರಬ್ಬರ್ ಗೆರೆಯನ್ನು ಅಡ್ಡ ಇಡುವುದು ಸರಿ ಅನಿಸಲಿಲ್ಲ. ಎರಡೂ ಬದಿಗೆ ಚಿಕ್ಕ ಕಟ್ಟೆ ಎಬ್ಬಿಸಿ, ಮೇಲೆ ಅಲ್ಯೂಮಿನಿಯಂ ತಗಡು ಮುಚ್ಚಿದೆವು. ತಗಡಿಗೆ ಸ್ಕ್ರೂ ಒಂದೇ ಬದಿಗೆ. ಎರಡೂ ಬದಿಗೆ ಹೊಡೆದರೆ ಕಟ್ಟಡ ಅದನ್ನು ಎಳೆದು ಕೀಳುತ್ತದೆ. ನೀರಿನ ಸಂಪಿನಂಥ ಕಡೆಗೆ ಪಾಲಿಸಲ್ಫೈಡ್ ಅನ್ನುವ ಸೀಲೆಂಟ್ ಬಳಸುತ್ತಾರೆ, ಎರಡು ಡಬ್ಬಿ ಕಲೆಸುವಂಥದ್ದು. ಅದರಲ್ಲಿ ಬಣ್ಣದ ಗೆರೆ ಉಳಿದಿದ್ದರೆ ಕಲೆಸಿದ್ದು ಸಾಲದು ಅಂತ ಅರ್ಥ.

ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಇನ್ನೊಂದು ದೂರಿತ್ತು. ಅಲ್ಲಿಯ ಅಮ್ಮ ನನ್ನನ್ನು ಕರೆದು, "ಕಿಟಕಿಗೆ ಮೂರು ಸಲ ಸಿಲಿಕಾನ್ ಹಾಕಿಸಿದೆ ಮಾರಾಯ್ರೆ, ಮೊದಲಿಗಿಂತ ಜಾಸ್ತಿ ನೀರು ಒಳಗೆ ಬರ್ತದೆ" ಅಂದರು. ಮೊದಲಿಗಿಂತ ಜಾಸ್ತಿ ಅನ್ನುವ ಮಾತು ನನ್ನ ತಲೆಯಲ್ಲಿ ಕೂತಿತು. ಸ್ಲೈಡಿಂಗ್ ಕಿಟಕಿಯ ಕೆಳಗಿನ ಟ್ರ್ಯಾಕಿಗೆ ಹೊರಗಿನಿಂದ ಎರಡು ಸಣ್ಣ ತೂತುಗಳಿರುತ್ತವೆ. ಟ್ರ್ಯಾಕಿಗೆ ಬಿದ್ದ ಮಳೆನೀರು ಅಲ್ಲಿಂದ ಹೊರಹೋಗಬೇಕು. ಸಿಕ್ಕಿದ ತೂತೆಲ್ಲ ಮುಚ್ಚಬೇಕು ಅಂತ ಯಾರೋ ಅವನ್ನೂ ಮುಚ್ಚಿದ್ದರು. ಬ್ಲೇಡಿನಿಂದ ಬಿಡಿಸಿದ ಕೂಡಲೇ ಒಳಗೆ ನಿಂತಿದ್ದ ನೀರು ಸಜ್ಜೆ ಮೇಲೆ ಸುರಿಯಿತು. ಅಮ್ಮ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಅವರ ಮುಖದ ನೆಮ್ಮದಿ ನನಗೆ ಇನ್ನೂ ನೆನಪಿದೆ.

ಚೌಕಟ್ಟಿನ ಸುತ್ತ ಹಾಕಿದ್ದು ವಿನೆಗರ್ ವಾಸನೆಯ ಅಗ್ಗದ ಸಿಲಿಕಾನ್. ಒಣಗುವಾಗ ಅದರಿಂದ ಆಮ್ಲ ಹೊರಬರುತ್ತದೆ. ಗಾಜಿಗೆ ಗಾಜು ಅಂಟಿಸಲು ಪರವಾಗಿಲ್ಲ, ಆದರೆ ಸಿಮೆಂಟ್ ಕ್ಷಾರ. ಎರಡೂ ಸೇರಿದಲ್ಲಿ ಹಿಡಿತ ನಿಲ್ಲುವುದಿಲ್ಲ, ಕೆಲವು ಲೋಹಕ್ಕೂ ಕನ್ನಡಿಯ ಹಿಂಬದಿಗೂ ಹಾನಿ. ಟ್ಯೂಬಿನ ಮೇಲೆ ನ್ಯೂಟ್ರಲ್ ಅಂತ ಬರೆದದ್ದನ್ನೇ ಕೇಳಿ ತಗೊಳ್ಳಿ. ಹಳೆ ಸಿಲಿಕಾನನ್ನು ಪೂರ್ತಿ ತೆಗೆಯುವುದು ಬಹಳ ಕಷ್ಟದ ಕೆಲಸ, ಆದರೆ ಬಿಡುವ ಹಾಗಿಲ್ಲ. ತೆಳುವಾದ ಪದರ ಉಳಿದರೂ ಬೇರೆ ಜಾತಿಯ ಸೀಲೆಂಟ್ ಅದರ ಮೇಲೆ ಹಿಡಿಯುವುದಿಲ್ಲ. ಅಲ್ಯೂಮಿನಿಯಂ ಒರೆಸಲು ಎರಡು ಬಟ್ಟೆ ಬೇಕು. ಒಂದರಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಉಜ್ಜುವುದು, ಅದು ಆರುವ ಮುಂಚೆ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿ ತೆಗೆಯುವುದು. ಒಂದೇ ಬಟ್ಟೆಯಾದರೆ ಕೊಳೆ ಅಲ್ಲೇ ಹರಡುತ್ತದೆ. ಕಿಟಕಿ ದಂಡೆಗೆ ಗ್ರಾನೈಟ್ ಇದ್ದರೆ ಮೊದಲು ಒಂದು ಚೂರಿನ ಮೇಲೆ ಹಾಕಿ ಕೆಲವು ವಾರ ನೋಡಿ. ಕೆಲವು ಸಿಲಿಕಾನಿನ ಎಣ್ಣೆ ಕಲ್ಲಿಗೆ ಇಳಿದು ಅಂಚಿನಲ್ಲಿ ಕಪ್ಪು ಕಲೆ ಬಿಡುತ್ತದೆ. ಅದು ಸುಲಭಕ್ಕೆ ಹೋಗುವುದಿಲ್ಲ.

ಸೀಲೆಂಟ್ ಗಾಳಿಯ ತೇವ ಹೀರಿ ದಿನಕ್ಕೆ ಎರಡು-ಮೂರು ಮಿ.ಮೀ.ನಷ್ಟು ಹೊರಗಿನಿಂದ ಒಳಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಹಾಗಾಗಿ ದೊಡ್ಡ ಸಂದಿಯನ್ನು ಮೂರು ವಾರ ಹಾಗೇ ಬಿಟ್ಟೆ. ಜನವರಿಯಲ್ಲಿ ಪರೀಕ್ಷೆ. ಅಡ್ಡಕ್ಕೆ ಒಂದು ಸೀಳು, ಅಲ್ಲಿಂದ ಎರಡೂ ಅಂಚಿನ ಗುಂಟ 50 ಮಿ.ಮೀ. ಕೆಳಗೆ ಸೀಳು. ನಾಲಿಗೆಯ ಹಾಗೆ ಬಿಟ್ಟುಕೊಂಡ ಆ ತುಂಡನ್ನು ಮೇಸ್ತ್ರಿಯ ಕೈಗೇ ಕೊಟ್ಟೆ. ಅವರು ಗೋಡೆಗೆ ಕಾಲು ಒತ್ತಿ ಎಳೆದರು. ಹಿಗ್ಗಿತು, ಹಿಗ್ಗಿತು, ಕೊನೆಗೆ ನಡುವಿನಲ್ಲೇ ಹರಿಯಿತು. ಎರಡೂ ಅಂಚು ಕಾಂಕ್ರೀಟಿಗೆ ಅಂಟಿಕೊಂಡೇ ಉಳಿದಿತ್ತು. "ಈಗ ಹಿಡಿದೈತ್ರಿ ಸರ್" ಅಂದರು. ಐದು ಕಡೆ ಹೀಗೆ ಎಳೆದು ನೋಡಿ, ಅವತ್ತೇ ಅದೇ ಸೀಲೆಂಟಿನಿಂದ ಆ ಜಾಗ ತುಂಬಿದೆವು.

ಅದಾದ ಮೇಲೆ ಎರಡು ಮಳೆಗಾಲ ಕಳೆದಿವೆ. ಕಾರಿಡಾರ್ ಗೋಡೆ ಒಣಗಿದೆ. ಒಂದೇ ಒಂದು ಕಡೆ, ಹಿಂದಿನ ಮುಖದಲ್ಲಿ ಡ್ರೈನ್ ಪೈಪಿನ ಹಿಂದೆ, ಗ್ರೈಂಡರ್ ತೂರಿಸಲು ಆಗದೆ ಸಂದಿಯನ್ನು 14 ಮಿ.ಮೀ.ಗೇ ಬಿಟ್ಟಿದ್ದೆವು. ಈ ಆಗಸ್ಟಿನಲ್ಲಿ ನೋಡಿದಾಗ ಅಲ್ಲಿ ಒಂದು ಗೇಣು ಉದ್ದಕ್ಕೆ ಅಂಚು ಬಿಡುತ್ತಿದೆ. ಡಿಸೆಂಬರಿನಲ್ಲಿ ಪೈಪ್ ಬಿಚ್ಚಿಸಿ ಆ ತುಂಡನ್ನು ಮತ್ತೆ ಮಾಡಬೇಕು. ಮೇಸ್ತ್ರಿಗೆ ಈಗಲೇ ಹೇಳಿಟ್ಟಿದ್ದೇನೆ.