ಬೆಂದ ಆಲೂಗಡ್ಡೆಯ ಹಬೆಯನ್ನು ಮೊದಲು ಹೊರಗೆ ಬಿಡಿ

ಕಳೆದ ವಾರ ತಂಗಿಯ ಮಗಳು ಊಟಕ್ಕೆ ಕರೆದಿದ್ದಳು. ಆಲೂಗಡ್ಡೆಯನ್ನು ಕುಕ್ಕರಿನಲ್ಲಿ ಮೂರು ಕೂಗು ಕೂಗಿಸಿ, ಬಿಸಿ ನೀರಿನಲ್ಲೇ ಅರ್ಧ ಗಂಟೆ ಬಿಟ್ಟು, ಆಮೇಲೆ ಒಳಗನ್ನು ತೋಡಿ ಪನೀರ್ ತುಂಬಿ, ಹತ್ತು ನಿಮಿಷ ಓವನ್ನಿಗೆ ತೋರಿಸಿ, ಬೇಕ್ ಮಾಡಿದ ಆಲೂಗಡ್ಡೆ ಎಂದು ಬಡಿಸಿದಳು. ಚಮಚ ತಾಗಿದೊಡನೆ ಸಿಪ್ಪೆ ನೆನೆದ ಕಾಗದದಂತೆ ಹರಿಯಿತು, ತಟ್ಟೆಯಲ್ಲಿ ನೀರು ನಿಂತಿತು. ಮಗುವಿನ ಮನಸ್ಸು ನೋಯಬಾರದೆಂದು ನಾನು ಸುಮ್ಮನೆ ತಿಂದೆ. ಆದರೆ ಇದೇ ತಪ್ಪನ್ನು ನಾಲ್ಕಾರು ಮನೆಗಳಲ್ಲಿ ನೋಡಿದ ಮೇಲೆ ಬರೆಯದೆ ಇರಲಾಗುತ್ತಿಲ್ಲ.

ಗಡ್ಡೆಯನ್ನು ಆರಿಸುವಲ್ಲಿಯೇ ಅರ್ಧ ಅಡುಗೆ ಮುಗಿಯುತ್ತದೆ. ಹಾಸನದ ಕಡೆ ಮುಂಗಾರಿನಲ್ಲಿ ಬಿತ್ತಿದ ಆಲೂಗಡ್ಡೆ ಮಳೆಗಾಲ ಮುಗಿಯುವ ಮೊದಲೇ ಮಾರುಕಟ್ಟೆಗೆ ಬರುತ್ತದೆ. ಹೆಬ್ಬೆರಳಿನಿಂದ ಉಜ್ಜಿದರೆ ಸಿಪ್ಪೆ ಸುಲಿದು ಬರುವ ಆ ಎಳೆಯ ಗಡ್ಡೆಯಲ್ಲಿ ನೀರು ಹೆಚ್ಚು, ಅದು ಪಲ್ಯಕ್ಕೆ ಸೊಗಸು, ಓವನ್ನಿನಲ್ಲಿ ಸುಟ್ಟು ತುಂಬುವ ಈ ಅಡುಗೆಗೆ ಬೇಡ. ಸಿಪ್ಪೆ ಬಲಿತ, ಕೈಗೆ ತೂಕವಾಗಿ ಕೂರುವ, ಮುಷ್ಟಿಗಿಂತ ತುಸು ದೊಡ್ಡದಾದ ಹಳೆಯ ಗಡ್ಡೆಯನ್ನು ತನ್ನಿ. ಹಸಿರು ತಿರುಗಿದ್ದನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ. ಫ್ರಿಜ್ಜಿನಲ್ಲಿಯೂ ಇಡಬೇಡಿ, ತಣ್ಣಗೆ ಇಟ್ಟರೆ ಗಡ್ಡೆಯ ಹಿಟ್ಟಿನಂಶ ಸಕ್ಕರೆಯಾಗಿ, ಬೆಂದ ಮೇಲೆ ಕಪ್ಪಗಾಗುವುದಲ್ಲದೆ ನಾಲಿಗೆಗೆ ಅಸಹ್ಯವಾದ ಸಿಹಿ ತಾಗುತ್ತದೆ.

ತೆಂಗಿನ ನಾರಿನಿಂದ ಉಜ್ಜಿ ತೊಳೆದು, ಚೆನ್ನಾಗಿ ಒರೆಸಿ, ಮುಳ್ಳುಚಮಚದಿಂದ ನಾಲ್ಕೈದು ಕಡೆ ಚುಚ್ಚಿ, ಎಣ್ಣೆಯನ್ನೂ ಕಲ್ಲುಪ್ಪಿನ ಪುಡಿಯನ್ನೂ ಮೈಗೆ ಸವರಿ, 200 ಡಿಗ್ರಿ ಕಾದ ಓವನ್ನಿನ ಕಂಬಿಯ ಮೇಲೆ ನೇರವಾಗಿ ಇಡಿ. ಅಲ್ಯೂಮಿನಿಯಂ ಹಾಳೆಯನ್ನು ಸುತ್ತುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ; ಹಾಗೆ ಸುತ್ತಿದರೆ ಗಡ್ಡೆ ತನ್ನ ಹಬೆಯಲ್ಲಿ ತಾನೇ ಬೇಯುತ್ತದೆ, ಸುಡುವುದಿಲ್ಲ. ಸುಮಾರು ಒಂದು ಗಂಟೆ ಬೇಕು, ಅವಸರ ಮಾಡಬೇಡಿ. ಬಟ್ಟೆ ಹಿಡಿದು ಅದುಮಿದಾಗ ಸಲೀಸಾಗಿ ಒತ್ತಿಕೊಂಡರೆ ಬೆಂದಿದೆ. ಆ ಮಸಿಬಟ್ಟೆ ಒಣಗಿರಲಿ, ಒದ್ದೆಯಾಗಿದ್ದರೆ ಕಾವು ನೇರ ಕೈಗೇ ಬರುತ್ತದೆ.

ಇನ್ನು ನಾನು ಯಾರಿಗೂ ಬಿಟ್ಟುಕೊಡದ ಮಾತು. ಓವನ್ನಿನಿಂದ ತೆಗೆದ ಕ್ಷಣವೇ, ಒಂದು ನಿಮಿಷವೂ ತಡೆಯದೆ, ಗಡ್ಡೆಯ ನೆತ್ತಿಯನ್ನು ಉದ್ದಕ್ಕೆ ಸೀಳಿ, ಎರಡೂ ತುದಿಗಳನ್ನು ಬಟ್ಟೆಯಲ್ಲಿ ಹಿಡಿದು ಒಳಮುಖವಾಗಿ ಒತ್ತಿದರೆ ಬಾಯಿ ಬಿಟ್ಟುಕೊಂಡು ಹಬೆ ಭುಸ್ಸೆಂದು ಹೊರಡುತ್ತದೆ. ಆ ಹಬೆ ಒಳಗೇ ಉಳಿದರೆ ನೀರಾಗಿ ತಿರುಳನ್ನು ಅಂಟು ಮಾಡುತ್ತದೆ. ನಮ್ಮಮ್ಮ ಬಚ್ಚಲ ಒಲೆಯ ಬೂದಿಯಲ್ಲಿ ಹೂತಿಟ್ಟ ಆಲೂಗಡ್ಡೆಯನ್ನು ಇಕ್ಕಳದಿಂದ ಎಳೆದು, ಒಗೆಯುವ ಕಲ್ಲಿನ ಮೇಲಿಟ್ಟು ಅಂಗೈಯಿಂದ ಟಪ್ಪೆಂದು ಗುದ್ದಿ ಒಡೆಯುತ್ತಿದ್ದಳು. ನಾವು ಸ್ನಾನಕ್ಕೆ ಸಾಲು ನಿಂತವರು ಉಪ್ಪು ಹಿಡಿದು ಕಾಯುತ್ತಿದ್ದೆವು. ಹಬೆ ಹೋದ ಮೇಲೆ ತಿರುಳನ್ನು ಚಮಚದಿಂದ ತೆಗೆಯಿರಿ, ಕಿರುಬೆರಳಿನ ದಪ್ಪ ಗೋಡೆ ಉಳಿಯಲಿ. ಟೊಳ್ಳಾದ ಚಿಪ್ಪಿನ ಒಳಮೈಗೆ ತುಪ್ಪ ಸವರಿ, ಬೋರಲಾಗಿ ಮತ್ತೆ ಓವನ್ನಿನಲ್ಲಿಟ್ಟು ಹತ್ತು ನಿಮಿಷ ಒಣಗಿಸಿ. ಉಗುರಿನಿಂದ ತಟ್ಟಿದರೆ ಹಪ್ಪಳದಂತೆ ಸದ್ದು ಮಾಡಬೇಕು. ಈ ಹತ್ತು ನಿಮಿಷಕ್ಕೆ ಬೇಸರಿಸುವವರು ಪಲ್ಯ ಮಾಡಿಕೊಳ್ಳಲಿ.

ತುಂಬುವುದು ನಿಮ್ಮ ಮನೆಯ ರುಚಿ. ತೆಗೆದ ತಿರುಳನ್ನು ಕೈಯಲ್ಲೇ ಪುಡಿ ಮಾಡಿ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು, ಬೆಂದ ಬಟಾಣಿ, ಪನೀರ್ ತುರಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು, ಜೀರಿಗೆ–ಇಂಗಿನ ಒಗ್ಗರಣೆ ಸೇರಿಸುತ್ತೇನೆ. ಟೊಮೇಟೊ ಹಾಕಬೇಡಿ, ಒಣಗಿಸಿದ ಶ್ರಮವೆಲ್ಲ ನೀರುಪಾಲಾಗುತ್ತದೆ. ಒತ್ತಿ ತುರುಕದೆ ಗೋಪುರದಂತೆ ಸಡಿಲವಾಗಿ ತುಂಬಿ, ಬೇಕಿದ್ದರೆ ಚಿಟಿಕೆಯಷ್ಟು ಚೀಸ್ ಉದುರಿಸಿ, ಮೇಲ್ಭಾಗ ಕೆಂಪಗಾಗುವವರೆಗೆ ಓವನ್ನಿನಲ್ಲಿಟ್ಟು, ಹೆಸರುಬೇಳೆಯ ಕೋಸಂಬರಿಯೊಡನೆ ತಲೆಗೆ ಎರಡರಂತೆ ಬಡಿಸಿ. ರಾತ್ರಿಯ ಊಟಕ್ಕೆ ಅಷ್ಟು ಸಾಕು, ಅನ್ನಕ್ಕೆ ಇಡುವ ಅಗತ್ಯವಿಲ್ಲ.