ಸ್ಲೈಡ್ ಬಿಟ್ಟು ಷೇರು ಹಿಡಿಯುವವರಿಗೆ

7 ವರ್ಷ ಕನ್ಸಲ್ಟಿಂಗ್, ಅಂದರೆ ಕಂಪನಿಗಳಿಗೆ ಸಲಹೆ ಕೊಡುವ ಕೆಲಸ, ಮಾಡಿದ ಮೇಲೆ ಹೂಡಿಕೆ ಸಂಸ್ಥೆಯೊಂದರ ಸಂದರ್ಶನಕ್ಕೆ ಹೋಗಿದ್ದೆ. ಕೈಯಲ್ಲಿ ಒಂದು ಕಂಪನಿಯ ಬಗ್ಗೆ 40 ಸ್ಲೈಡ್: ಮಾರುಕಟ್ಟೆಯ ಗಾತ್ರ, ಪೈಪೋಟಿ, ಬೆಳೆಯಲು ಮೂರು ದಾರಿ. ಫಂಡ್ ಮ್ಯಾನೇಜರ್ ನಾಲ್ಕು ಪುಟ ತಿರುವಿ ಪಕ್ಕಕ್ಕಿಟ್ಟರು. "ಕಂಪನಿ ಒಳ್ಳೆಯದು, ಒಪ್ಪಿದೆ. ಈ ಬೆಲೆಗೆ ಕೊಳ್ಳುತ್ತೀರಾ?" ಎಂದು ಕೇಳಿದರು. "ಅದು ಹಲವು ಅಂಶಗಳ ಮೇಲೆ ನಿಂತಿದೆ" ಎಂದೆ. ಕಾಫಿ ಆರುವ ಮೊದಲೇ ಹೊರಗಿದ್ದೆ.

ಹಾಗಾಗಿ ಕನ್ಸಲ್ಟಿಂಗ್ ಬಿಟ್ಟು ಹೂಡಿಕೆಗೆ ಬರುವವರು ಮೊದಲು ಕಲಿಯಬೇಕಾದದ್ದು ಬೆಲೆಯ ಲೆಕ್ಕ. ಒಂದು ಷೇರು, ಅದರ ಪಾಲಿಗೆ ಬರುವ ವರ್ಷದ ಲಾಭದ 30 ಪಟ್ಟು ಬೆಲೆಗೆ ಮಾರಾಟವಾಗುತ್ತಿದೆ ಎನ್ನಿ. ಲಾಭ ವರ್ಷಕ್ಕೆ ಶೇ. 15ರಂತೆ ಬೆಳೆದು 5 ವರ್ಷದಲ್ಲಿ ಎರಡು ಪಟ್ಟಾಯಿತು. ಅಷ್ಟರಲ್ಲಿ ಜನರ ಉತ್ಸಾಹ ತಗ್ಗಿ 15 ಪಟ್ಟು ಮಾತ್ರ ಕೊಡುತ್ತಿದ್ದಾರೆ. ಷೇರಿನ ಬೆಲೆ ಇದ್ದಲ್ಲೇ ಇದೆ. ಕಂಪನಿಯ ಬಗ್ಗೆ ನೀವು ಹೇಳಿದ್ದೆಲ್ಲ ನಿಜವಾಯಿತು, ಆದರೆ ಲಾಭಾಂಶ ಬಿಟ್ಟರೆ ಕೈಗೆ ಏನೂ ದಕ್ಕಲಿಲ್ಲ. ಸಲಹೆಗಾರನಿಗೆ ಈ ಸಂಕಟವಿಲ್ಲ. ವರದಿ ಒಪ್ಪಿಸಿದ ದಿನವೇ ಅವನ ಕೆಲಸ ಮುಗಿಯುತ್ತದೆ.

ಅಭ್ಯಾಸಕ್ಕೆ ನಿಮಗೆ ಗೊತ್ತಿರುವ ಉದ್ಯಮದ ಒಂದೇ ಒಂದು ಕಂಪನಿ ಹಿಡಿಯಿರಿ. ನಿಮ್ಮ ಗ್ರಾಹಕರಾಗಿದ್ದ ಕಂಪನಿ ಮಾತ್ರ ಬೇಡ. ಅಲ್ಲಿ ಕಂಡ ಗುಟ್ಟನ್ನು ಸಂದರ್ಶನದಲ್ಲಿ ಬಾಯಿಬಿಟ್ಟರೆ ಗೋಪ್ಯತೆ ಮುರಿದಂತೆ; ಅದನ್ನೇ ನಂಬಿ ಷೇರು ಕೊಂಡರೆ ಕಾನೂನಿನ ಕುಣಿಕೆ. ಕೆಲಸ ಕೊಡುವವರೂ ನಾಳೆ ತಮ್ಮ ಗುಟ್ಟನ್ನು ಇವನು ಹೀಗೇ ಹರಡುತ್ತಾನೆ ಎಂದೇ ಲೆಕ್ಕ ಹಾಕುತ್ತಾರೆ.

ಆ ಕಂಪನಿಯ 5 ವರ್ಷದ ವಾರ್ಷಿಕ ವರದಿಗಳನ್ನು ಹಿಂದಿನಿಂದ ಓದಿ. ಅಧ್ಯಕ್ಷರ ಪತ್ರ ಓಡಿ ಹೋಗುವುದಿಲ್ಲ, ಮೊದಲು ಲೆಕ್ಕಪತ್ರದ ಟಿಪ್ಪಣಿಗಳನ್ನು ನೋಡಿ. ನಾನು ಓದಿದ ಒಂದು ಕಂಪನಿಯ ಮಾರಾಟ 1,000ದಿಂದ 1,200ಕ್ಕೆ ಏರಿತ್ತು. ಗ್ರಾಹಕರಿಂದ ಬರಬೇಕಾದ ಬಾಕಿ 200ರಿಂದ 330ಕ್ಕೆ ಹೋಗಿತ್ತು. ಅಂದರೆ 73 ದಿನದಲ್ಲಿ ಬರುತ್ತಿದ್ದ ಹಣಕ್ಕೆ ಈಗ 100 ದಿನ ಕಾಯಬೇಕು. ಲಾಭದ ಸಾಲು ನಗುತ್ತಿತ್ತು, ನಗದು ಹರಿವಿನ ಪಟ್ಟಿ ಬೇರೆಯೇ ಕಥೆ ಹೇಳುತ್ತಿತ್ತು. ಇಂಥ ಕಡೆ ಕನ್ಸಲ್ಟಿಂಗ್ ನಿಜಕ್ಕೂ ನೆರವಿಗೆ ಬರುತ್ತದೆ: ವಿತರಕರನ್ನು, ಹಳೆಯ ಗ್ರಾಹಕರನ್ನು ಮಾತನಾಡಿಸಿ, ಸರಕು ಗೋದಾಮಿನಲ್ಲಿ ಕೊಳೆಯುತ್ತಿದೆಯೇ ಎಂದು ತಿಳಿಯುವುದು ನಮಗೆ ಕರಗತ.

ಓದಿ ಮುಗಿಸಿದ ಮೇಲೆ ಆ ಕಂಪನಿಯ ಬಗ್ಗೆ ನೀವು ಬರೆಯುವ ಟಿಪ್ಪಣಿ ಎರಡೇ ಪುಟ. ಮೊದಲ ಸಾಲಿನಲ್ಲೇ ಕೊಳ್ಳಬೇಕೋ ಬೇಡವೋ, ಯಾವ ಬೆಲೆಗೆ ಎಂಬುದಿರಲಿ. ಉಳಿದವರಿಗೆ ಕಾಣದ್ದು ನಿಮಗೇನು ಕಂಡಿದೆ, ಅದು ಎಲ್ಲರಿಗೂ ಕಾಣುವಂತಾಗುವುದು ಯಾವಾಗ, ಏನು ನಡೆದರೆ ನಿಮ್ಮ ಮಾತು ಸುಳ್ಳಾಗುತ್ತದೆ, ಇವೆಲ್ಲ ಆಮೇಲೆ. ಈ ಕೊನೆಯದನ್ನು ಬರೆಯಲು ನನಗೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯಿತು. ದಿನಾಂಕ, ಬೆಲೆ, ಕಾರಣ ಬರೆದಿಟ್ಟುಕೊಳ್ಳಲು ಒಂದು ನೋಟ್‌ಬುಕ್ ಇರಲಿ, ಪೆನ್ನಿನಲ್ಲೇ ಬರೆಯಿರಿ. ಆರು ತಿಂಗಳ ನಂತರ ನಮ್ಮ ನೆನಪು ನಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ಸಿಎಫ್ಎ, ಅಂದರೆ ಹೂಡಿಕೆ ವೃತ್ತಿಯವರ ಪರೀಕ್ಷೆ, ಮಾಡಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಮೂರು ಹಂತ, ಪ್ರತಿ ಹಂತಕ್ಕೂ ಸುಮಾರು 300 ಗಂಟೆಯ ಓದು. ಲೆಕ್ಕಪತ್ರ ಓದಲು ಬಾರದವರಿಗೆ ಮೊದಲ ಹಂತ ಒಳ್ಳೆಯ ಪಾಠಶಾಲೆ. ಆದರೆ ಎರಡು ಪುಟದ ಆ ಟಿಪ್ಪಣಿಗೆ ಅದು ಬದಲಿಯಲ್ಲ.

ಮುಂದಿನ ಸಂದರ್ಶನ ಬೇರೆ ಕಡೆ ನಡೆಯಿತು. "ಈ ಬೆಲೆಗೆ ಬೇಡ, ಕಾಲು ಭಾಗ ಇಳಿದರೆ ಕೊಳ್ಳುತ್ತೇನೆ" ಎಂದೆ. ಒಂದು ಗಂಟೆ ಜಗ್ಗಾಡಿದರು. ನಾನು ಒಂದು ಕಡೆ ಸೋತೆ, ಸೋತೆನೆಂದು ಒಪ್ಪಿಕೊಂಡೆ. ಕೊಟ್ಟದ್ದು ಹಳೆಯದಕ್ಕಿಂತ ಎರಡು ಮೆಟ್ಟಿಲು ಕೆಳಗಿನ ಹುದ್ದೆ. ಪಕ್ಕದ ಕುರ್ಚಿಯವನು ನನಗಿಂತ 6 ವರ್ಷ ಚಿಕ್ಕವನು, ಮೊದಲ ವಾರ ಎಕ್ಸೆಲ್ ಹೇಳಿಕೊಟ್ಟವನೂ ಅವನೇ.